ವಿಮಾನ ಜಾಕ್

ವಿಮಾನ ಜಾಕ್ ಎಂಬುದು ನೆಲದ ಮೇಲೆ ನಿಂತಿರುವ ವಿಮಾನವನ್ನು ತಪಾಸಣೆ, ದುರಸ್ತಿ ಅಥವಾ ತೂಕಮಾಪನಕ್ಕಾಗಿ ಮೇಲೆತ್ತುವ ಸಾಧನ. ಚಕ್ರ ಮತ್ತು ಬ್ರೇಕುಗಳ ಬದಲಾವಣೆ, ಲ್ಯಾಂಡಿಂಗ್ ಗೇರ್ ಮಡಚಿ ಬಿಚ್ಚಿಕೊಳ್ಳುವ ಪರೀಕ್ಷೆ ಮೊದಲಾದ ಕೆಲಸಗಳಿಗೆ ಇದು ಅನಿವಾರ್ಯ. ಎತ್ತುವಾಗ ವಿಮಾನವು ಜಾಕಿನಿಂದ ಜಾರಿದರೆ ರೆಕ್ಕೆ ಮತ್ತು ಒಡಲಿಗೆ ಭಾರಿ ಹಾನಿಯಾಗುವುದಲ್ಲದೆ ಕೆಳಗಿರುವವರ ಪ್ರಾಣಕ್ಕೂ ಅಪಾಯವಿದೆ. ಆದ್ದರಿಂದ ಜಾಕಿನ ಆಯ್ಕೆ ಮತ್ತು ಬಳಕೆಯನ್ನು ಆಯಾ ವಿಮಾನದ ನಿರ್ವಹಣಾ ಕೈಪಿಡಿಯೇ ನಿರ್ಧರಿಸುತ್ತದೆ.

ಕಾರ್ಯತತ್ತ್ವ

ಹೆಚ್ಚಿನ ವಿಮಾನ ಜಾಕುಗಳು ಹೈಡ್ರಾಲಿಕ್ ಮಾದರಿಯವು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವೇ ಇವುಗಳ ಆಧಾರ. 1 ಚದರ ಸೆಂ.ಮೀ. ವಿಸ್ತೀರ್ಣದ ಚಿಕ್ಕ ಪಿಸ್ಟನ್ ಮೇಲೆ 100 ನ್ಯೂಟನ್ ಬಲ ಹಾಕಿದರೆ, 50 ಚದರ ಸೆಂ.ಮೀ. ವಿಸ್ತೀರ್ಣದ ದೊಡ್ಡ ಪಿಸ್ಟನ್ 5,000 ನ್ಯೂಟನ್ ಬಲದಿಂದ ಮೇಲೇಳುತ್ತದೆ. ಆದರೆ ಚಿಕ್ಕ ಪಿಸ್ಟನ್ 50 ಸೆಂ.ಮೀ. ಚಲಿಸಿದಾಗ ದೊಡ್ಡದು ಏರುವುದು 1 ಸೆಂ.ಮೀ. ಮಾತ್ರ. ಜಾಕಿನ ಪಂಪನ್ನು ಹಲವು ಬಾರಿ ಒತ್ತಬೇಕಾಗುವುದು ಇದರಿಂದಲೇ.

ವಿಧಗಳು

* ಮುಕ್ಕಾಲಿ ಜಾಕ್: ಮೂರು ಅಗಲವಾದ ಕಾಲುಗಳ ಮೇಲೆ ನಿಲ್ಲುವ ಎತ್ತರದ ಜಾಕ್. ಇಡೀ ವಿಮಾನವನ್ನು ನೆಲದಿಂದ ಎತ್ತಲು ಬಳಕೆಯಾಗುತ್ತದೆ. ಸಾಮಾನ್ಯವಾಗಿ ಎರಡು ರೆಕ್ಕೆಗಳ ಕೆಳಗೆ ಒಂದೊಂದು, ಮೂತಿ ಅಥವಾ ಬಾಲದ ಭಾಗದಲ್ಲಿ ಒಂದು ಇರುತ್ತದೆ.
* ಅಚ್ಚಿನ ಜಾಕ್: ಒಂದು ಚಕ್ರವನ್ನಷ್ಟೇ ಬದಲಿಸಬೇಕಾದಾಗ ಲ್ಯಾಂಡಿಂಗ್ ಗೇರ್‌ನ ಅಚ್ಚಿನ ಕೆಳಗೆ ಇಡುವ ಗಿಡ್ಡ ಜಾಕ್.

ಆಯ್ಕೆ

ಮೊದಲು ನೋಡಬೇಕಾದದ್ದು ಪ್ರತಿ ಜಾಕಿನ ಮೇಲೆ ಬೀಳುವ ಭಾರ. ಒಟ್ಟು ತೂಕವನ್ನು ಮೂರರಿಂದ ಭಾಗಿಸುವುದು ತಪ್ಪು. ಉದಾಹರಣೆಗೆ 20 ಟನ್ ತೂಕದ ವಿಮಾನದಲ್ಲಿ ಮೂತಿಯ ಮೇಲೆ ಶೇ. 10ರಷ್ಟು ಭಾರವಿದ್ದರೆ ಅಲ್ಲಿ 2 ಟನ್, ಪ್ರತಿ ರೆಕ್ಕೆಯ ಜಾಕಿನ ಮೇಲೆ 9 ಟನ್ ಬೀಳುತ್ತದೆ. ತೊಟ್ಟಿಗಳಲ್ಲಿರುವ ಇಂಧನ ಮತ್ತು ಕಳಚಿ ತೆಗೆದ ಭಾಗಗಳಿಂದ ಗುರುತ್ವಕೇಂದ್ರ ಸರಿದರೆ ಈ ಹಂಚಿಕೆಯೂ ಬದಲಾಗುತ್ತದೆ.

ಎರಡನೆಯದು ಎತ್ತರ. ಟಯರಿನ ಗಾಳಿ ಇಳಿದಾಗಲೂ ಅಚ್ಚಿನ ಕೆಳಗೆ ಜಾಕ್ ತೂರಬೇಕು. ಪೂರ್ಣ ಎತ್ತುವ ಜಾಕ್ ಆದರೆ, ಆಘಾತ ತಡೆಯುವ ಕಂಬ ಪೂರ್ತಿ ಉದ್ದವಾದ ಮೇಲೂ ಚಕ್ರ ನೆಲ ಬಿಡುವಷ್ಟು ಏರಬೇಕು. ಮೂರನೆಯದು ದ್ರವ. ತಪ್ಪು ಬಗೆಯ ದ್ರವ ಒಳಗಿನ ಸೀಲುಗಳನ್ನು ಕೆಡಿಸುತ್ತದೆ. ಸೋರಿಕೆ, ಬಾಗಿದ ಕಾಲು, ಅವಧಿ ಮೀರಿದ ಭಾರಪರೀಕ್ಷೆ ಇವುಗಳಲ್ಲಿ ಯಾವುದು ಕಂಡರೂ ಆ ಜಾಕನ್ನು ಬಳಸಬಾರದು.

ಬಳಕೆಯ ಕ್ರಮ

1. ವಿಮಾನವನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ, ಸಾಧ್ಯವಾದಷ್ಟು ಹ್ಯಾಂಗರಿನ ಒಳಗೆ ನಿಲ್ಲಿಸಬೇಕು. ಬಯಲಿನಲ್ಲಾದರೆ ಕೈಪಿಡಿಯಲ್ಲಿರುವ ಗಾಳಿವೇಗದ ಮಿತಿಯನ್ನು ಮೀರಬಾರದು.
2. ಲ್ಯಾಂಡಿಂಗ್ ಗೇರ್‌ಗೆ ಭದ್ರತಾ ಪಿನ್ನುಗಳನ್ನು ಹಾಕಬೇಕು. ಚಕ್ರದ ಮೇಲಿನ ಭಾರ ಇಳಿದೊಡನೆ ವಿಮಾನದ ವಿದ್ಯುತ್ ಮಂಡಲಗಳು ತಾವು ಹಾರಾಟದಲ್ಲಿರುವುದಾಗಿ ಭಾವಿಸುತ್ತವೆ. ಕೈಪಿಡಿ ಸೂಚಿಸಿದ ಸರ್ಕ್ಯೂಟ್ ಬ್ರೇಕರುಗಳನ್ನು ಮೊದಲೇ ತೆಗೆದಿಡುವುದು ಇದಕ್ಕಾಗಿ.
3. ತಯಾರಕರು ಗುರುತಿಸಿದ ಬಿಂದುಗಳಲ್ಲಿ ಮಾತ್ರ ಜಾಕ್ ಪ್ಯಾಡ್ ಅಳವಡಿಸಿ, ಜಾಕನ್ನು ನೇರವಾಗಿ ಅದರ ಕೆಳಗೆ ತರಬೇಕು. ಒಳಗೆ ಯಾರೂ ಇರಬಾರದು.
4. ಒಬ್ಬ ಮೇಲ್ವಿಚಾರಕನ ಆದೇಶದಂತೆ ಎಲ್ಲ ಜಾಕುಗಳನ್ನು ಏಕಕಾಲದಲ್ಲಿ ನಿಧಾನವಾಗಿ ಏರಿಸಬೇಕು. ವಿಮಾನ ಓರೆಯಾದರೆ ಜಾಕಿನ ಮೇಲೆ ಪಕ್ಕದ ಒತ್ತಡ ಬೀಳುತ್ತದೆ.
5. ದಂಡ ಏರಿದಂತೆಲ್ಲ ಅದರ ಲಾಕ್ ನಟ್ಟನ್ನು ಕೆಳಕ್ಕೆ ತಿರುಗಿಸುತ್ತಿರಬೇಕು. ದ್ರವದ ಒತ್ತಡ ಇಳಿದರೂ ಭಾರವನ್ನು ಹಿಡಿಯುವುದು ಈ ನಟ್ಟೇ.

ಇಳಿಸುವ ಹಂತವೂ ಅಷ್ಟೇ ಅಪಾಯಕರ. ಗೇರ್ ಪೂರ್ತಿ ಇಳಿದು ಲಾಕ್ ಆಗಿದೆಯೆಂದು ಖಚಿತಪಡಿಸಿಕೊಂಡು, ಏಣಿ ಮತ್ತು ಅಟ್ಟಣಿಗೆಗಳನ್ನು ದೂರ ಸರಿಸಬೇಕು. ಆಘಾತ ತಡೆಯುವ ಕಂಬ ಕೆಲವೊಮ್ಮೆ ಸಿಕ್ಕಿಕೊಂಡಿದ್ದು ಥಟ್ಟನೆ ಕುಸಿಯುತ್ತದೆ. ಆಗ ಕೆಳಗುಳಿದ ವಸ್ತು ಒಡಲನ್ನು ತೂರಬಹುದು.

ಒಂದೇ ಚಕ್ರವನ್ನು ಎತ್ತುವಾಗ ಉಳಿದ ಚಕ್ರಗಳಿಗೆ ಚಾಕ್ ಎಂಬ ಗಾಲಿತಡೆಗಳನ್ನು ಇಡುವುದು ಕಡ್ಡಾಯ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ವಿಮಾನ ನಿರ್ವಹಣೆಯ ಪ್ರಮುಖ ಕೇಂದ್ರ ಬೆಂಗಳೂರು. ವಾಲ್ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಿಮಾನಗಳು ಈ ಕಾರ್ಖಾನೆಯಲ್ಲಿ ದುರಸ್ತಿಗೊಂಡವು. 1964ರಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಆಯಿತು. ಭಾರತದಲ್ಲಿ ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನೀಡುತ್ತದೆ.

ಕೃಷಿ ವಾಹನಗಳಲ್ಲಿ ಹೋಲಿಕೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳು ಕಬ್ಬಿನ ಸೀಮೆ. ಇಲ್ಲಿಗೆ ಸಮೀಪದ ವಿಮಾನ ನಿಲ್ದಾಣಗಳು ಬೆಳಗಾವಿಯ ಸಾಂಬ್ರಾ ಮತ್ತು ಹುಬ್ಬಳ್ಳಿ. ಆದರೆ ಜಾಕ್ ಇಲ್ಲಿನವರಿಗೆ ಅಪರಿಚಿತವಲ್ಲ. ಕಬ್ಬು ಹೇರಿದ ಟ್ರೇಲರಿನ ಟಯರ್ ಪಂಕ್ಚರ್ ಆದಾಗ ದಾರಿಬದಿಯಲ್ಲೇ ಜಾಕ್ ಹಾಕಬೇಕಾಗುತ್ತದೆ. ಎರೆಮಣ್ಣಿನಲ್ಲಿ ಜಾಕಿನ ಬುಡ ಹೂಳದಂತೆ ದಪ್ಪ ಹಲಗೆ ಇಡುವುದು, ಉಳಿದ ಗಾಲಿಗಳಿಗೆ ತಡೆ ಕೊಡುವುದು, ಎತ್ತಿದ ಭಾರಕ್ಕೆ ಗಟ್ಟಿಯಾದ ಆಸರೆ ನಿಲ್ಲಿಸುವುದು ಇಲ್ಲಿಯೂ ಅಗತ್ಯ. ಜಾಕ್ ಎತ್ತುವ ಸಾಧನವೇ ಹೊರತು, ಅದೊಂದನ್ನೇ ನಂಬಿ ಭಾರದ ಕೆಳಗೆ ಹೋಗುವುದು ವಿಮಾನಕ್ಕೂ ಟ್ರೇಲರಿಗೂ ಸಮಾನವಾಗಿ ನಿಷಿದ್ಧ.