ರೆಸೊಲ್ಯೂಟ್‌ನಿಂದ ಗ್ರೀಸ್ ಫಿಯೋರ್ಡ್‌ಗೆ 385 ಕಿ.ಮೀ.

ಗ್ರೀಸ್ ಫಿಯೋರ್ಡ್‌ಗೆ ಹೋಗಬೇಕಾದವರು ಮೊದಲು ರೆಸೊಲ್ಯೂಟ್ ತಲುಪಬೇಕು. ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿರುವ ಈ ಎರಡು ಊರುಗಳ ನಡುವೆ ಆಕಾಶಮಾರ್ಗದಲ್ಲಿ ಸುಮಾರು 385 ಕಿ.ಮೀ. ಅಂತರ. ಟ್ವಿನ್ ಆಟರ್ ಎಂಬ ಪುಟ್ಟ ವಿಮಾನಕ್ಕೆ ಒಂದೂವರೆ ಗಂಟೆಯ ಹಾದಿ. ರಸ್ತೆ ಇಲ್ಲ. ಸರಕಿನ ಹಡಗು ಬರುವುದು ಬೇಸಿಗೆಯಲ್ಲಿ, ಕಡಲಿನ ಮಂಜುಗಡ್ಡೆ ಬಿರಿದಾಗ ಮಾತ್ರ.

ರೆಸೊಲ್ಯೂಟ್ ಬಿಟ್ಟ ಸ್ವಲ್ಪ ಹೊತ್ತಿಗೆ ಕೆಳಗೆ ಡೆವನ್ ದ್ವೀಪ. ಕೇರಳಕ್ಕಿಂತ ದೊಡ್ಡದು, ಆದರೆ ಊರೆಂಬುದಿಲ್ಲ. ಜನವಸತಿಯಿಲ್ಲದ ದ್ವೀಪಗಳಲ್ಲಿ ಜಗತ್ತಿಗೇ ದೊಡ್ಡದು ಇದು. ಬಾಹ್ಯಾಕಾಶದ ಬಂಡೆ ಬಡಿದು ಉಂಟಾದ ಹಾಟನ್ ಕುಳಿ ಇಲ್ಲೇ ಇದೆ. ನೆಲ ಎಷ್ಟು ಬರಡೆಂದರೆ, ಮಂಗಳ ಗ್ರಹಕ್ಕೆ ಬೇಕಾದ ಸಲಕರಣೆಗಳನ್ನು ಪರೀಕ್ಷಿಸಲು ನಾಸಾ ನೆರವಿನ ತಂಡಗಳು ಇಲ್ಲಿಗೆ ಬಂದು ಬೀಡುಬಿಟ್ಟಿವೆ. ಅದನ್ನು ದಾಟಿ, ಜೋನ್ಸ್ ಸೌಂಡ್ ಎಂಬ ಕಡಲಪಟ್ಟಿಯನ್ನೂ ದಾಟಿದರೆ ಗ್ರೀಸ್ ಫಿಯೋರ್ಡ್ ಇರುವ ಎಲ್ಸ್‌ಮಿಯರ್ ದ್ವೀಪದ ಗುಡ್ಡಗಳು ಎದುರಾಗುತ್ತವೆ.

ಇಳಿಯುವುದೇ ಕಷ್ಟ. ಹಿಂದೆ ಗುಡ್ಡ, ಮುಂದೆ ಕಡಲು, ನಡುವೆ ಜಲ್ಲಿ ಹಾಸಿದ ಗಿಡ್ಡ ರನ್‌ವೇ. ಗಾಳಿ ಎದ್ದರೆ, ಮೋಡ ಕವಿದರೆ ಪೈಲಟ್ ವಿಮಾನ ತಿರುಗಿಸಿಕೊಂಡು ವಾಪಸಾಗಬೇಕು. ನವೆಂಬರ್‌ನಿಂದ ಜನವರಿ ಮುಗಿಯುವವರೆಗೂ ಸೂರ್ಯನ ಮುಖವೇ ಕಾಣದು. ಒಂದೂವರೆ ಗಂಟೆಯ ಪ್ರಯಾಣಕ್ಕೆ ದಿನಗಟ್ಟಲೆ ಕಾಯುವುದು ಇಲ್ಲಿನವರಿಗೆ ಹೊಸದಲ್ಲ.

ಆದರೆ ಇಷ್ಟು ದೂರದಲ್ಲಿ ಜನ ತಾವಾಗಿ ಬಂದು ನೆಲೆಸಿದ್ದಲ್ಲ. 1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್‌ನ ಇನುಕ್‌ಜುವಾಕ್‌ನಿಂದ ಇನ್ಯುಟ್ ಮೂಲನಿವಾಸಿ ಕುಟುಂಬಗಳನ್ನು ಹಡಗು ಹತ್ತಿಸಿ, ಸುಮಾರು 2,000 ಕಿ.ಮೀ. ಉತ್ತರಕ್ಕೆ ತಂದು ಬಿಟ್ಟಿತು. ಬೇಟೆ ಚೆನ್ನಾಗಿ ಸಿಗುತ್ತದೆ, ಹಿಡಿಸದಿದ್ದರೆ ಎರಡು ವರ್ಷದಲ್ಲಿ ಮರಳಬಹುದು ಎಂದು ಮಾತು ಕೊಟ್ಟಿತ್ತು. ಮಾತು ಉಳಿಯಲಿಲ್ಲ. ಎಲ್ಲರೂ ಒಂದೇ ಕಡೆ ಇರುತ್ತೇವೆಂದು ನಂಬಿ ಹೊರಟವರಿಗೆ, ಬೇರೆ ಬೇರೆ ಜಾಗಗಳಿಗೆ ಹಂಚುತ್ತಾರೆಂಬುದು ತಿಳಿದದ್ದು ಹಡಗಿನ ಮೇಲೆ. ಬಂಧುಗಳ ನಡುವೆ ಈ 385 ಕಿ.ಮೀ. ಬಿದ್ದದ್ದು ಹಾಗೆ. ನಿರ್ಜನ ದ್ವೀಪಗಳ ಮೇಲೆ ದೇಶದ ಹಕ್ಕನ್ನು ಗಟ್ಟಿ ಮಾಡಿಕೊಳ್ಳಲು ಮನುಷ್ಯರನ್ನು ಗಡಿಕಲ್ಲಾಗಿ ನೆಟ್ಟರು ಎಂಬುದು ಅವರ ನೋವು. ಅದರಲ್ಲಿ ಉತ್ಪ್ರೇಕ್ಷೆ ಕಾಣುವುದಿಲ್ಲ.

ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಆ ವರ್ಷ ಎರಡೂ ಊರಲ್ಲಿ ಸ್ಮಾರಕ ಎದ್ದವು. ರೆಸೊಲ್ಯೂಟ್‌ನಲ್ಲಿ ಒಂಟಿ ಗಂಡಸು, ಗ್ರೀಸ್ ಫಿಯೋರ್ಡ್‌ನಲ್ಲಿ ಹೆಂಗಸು, ಹುಡುಗ, ಜೊತೆಗೊಂದು ನಾಯಿ. ಎರಡೂ ಶಿಲ್ಪಗಳ ನೋಟ ಪರಸ್ಪರರ ಊರಿನ ಕಡೆಗೆ.

2021ರ ಜನಗಣತಿಯಂತೆ ರೆಸೊಲ್ಯೂಟ್‌ನಲ್ಲಿ 183, ಗ್ರೀಸ್ ಫಿಯೋರ್ಡ್‌ನಲ್ಲಿ 144 ಜನ. ಸೀಲ್ ಬೇಟೆ ಇಂದಿಗೂ ಊಟದ ಆಧಾರ. ಹಾಲು, ಹಣ್ಣು, ತರಕಾರಿ ವಿಮಾನದಲ್ಲಿ ಬರಬೇಕು, ಹಾಗಾಗಿ ಬೆಲೆ ವಿಪರೀತ. ಆಸ್ಪತ್ರೆಯಂತೂ ಇಲ್ಲ. ಬಸುರಿಯರು ಹೆರಿಗೆಗೆ ವಾರಗಳ ಮುಂಚೆಯೇ ವಿಮಾನ ಹತ್ತಿ ದೂರದ ಇಕಾಲುಯಿಟ್‌ನಂಥ ಪಟ್ಟಣ ಸೇರಬೇಕು. ಈ ಮಾರ್ಗದ ಪ್ರತಿ ಹಾರಾಟದ ಹೊಣೆ, ಅವರ ಹಿರಿಯರನ್ನು ಅಲ್ಲಿಗೆ ಒಯ್ದ ಸರ್ಕಾರದ್ದೇ.