ಕೊನೆಗೆ ಸೊನ್ನೆ ಉಳಿಯುತ್ತಾ?

ಬೋರ್ಡಿನ ಮೇಲೆ 1ರಿಂದ 10ರವರೆಗೆ ಸಂಖ್ಯೆಗಳಿವೆ. ಯಾವುದಾದರೂ ಎರಡನ್ನು ಅಳಿಸಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆದು, ಬಂದ ಉತ್ತರವನ್ನು ಬರೆಯಿರಿ. ಹೀಗೇ ಮಾಡುತ್ತಾ ಹೋದರೆ ಕೊನೆಗೆ ಒಂದೇ ಸಂಖ್ಯೆ ಉಳಿಯುತ್ತೆ. ಅದು ಸೊನ್ನೆ ಆಗಬಹುದಾ? ಮೆಟ್ರೋದಲ್ಲಿ ಸೀಟು ಸಿಕ್ಕಿದ್ದರೆ ಓದೋದನ್ನ ಇಲ್ಲೇ ನಿಲ್ಲಿಸಿ, ಒಮ್ಮೆ ಆಡಿ ನೋಡಿ.

ಗಣಿತ ಒಲಿಂಪಿಯಾಡ್‌ಗೆ ತಯಾರಾಗುವ ಹೈಸ್ಕೂಲ್ ಮಕ್ಕಳು ಶುರುವಿನಲ್ಲಿ ಬಿಡಿಸುವ ಲೆಕ್ಕಗಳಲ್ಲಿ ಇಂಥದ್ದೂ ಒಂದು. ಸೂತ್ರ ಏನೂ ಬೇಡ. ಎಷ್ಟು ಸಲ ಆಡಿದರೂ ಬೆಸ ಸಂಖ್ಯೆಯೇ ಉಳಿಯುತ್ತೆ. ಯಾಕೆ? ಆಟದುದ್ದಕ್ಕೂ ಬದಲಾಗದೇ ಇರೋದು ಏನು ಅಂತ ಹುಡುಕಬೇಕು. 9 ಮತ್ತು 4 ಅಳಿಸಿ 5 ಬರೆದರೆ ಒಟ್ಟು ಮೊತ್ತ 8ರಷ್ಟು ಇಳಿಯುತ್ತೆ, ಅಂದರೆ ಚಿಕ್ಕ ಸಂಖ್ಯೆಯ ಎರಡರಷ್ಟು. ಪ್ರತಿ ಸಲವೂ ಇಳಿಕೆ ಸಮಸಂಖ್ಯೆಯೇ. ಮೊದಲ ಮೊತ್ತ 55, ಬೆಸ. ಹಾಗಾಗಿ ಕೊನೆಯದ್ದೂ ಬೆಸವೇ. ಸೊನ್ನೆ ಬರೋಕೆ ಸಾಧ್ಯವೇ ಇಲ್ಲ.

ನಮ್ಮ ಪ್ರವೇಶ ಪರೀಕ್ಷೆಗಳು ಕಲಿಸಿದ್ದು ಬೇರೆಯೇ: ಎರಡು ನಿಮಿಷದಲ್ಲಿ ಹೊಳೀಲಿಲ್ವಾ, ಬಿಟ್ಟು ಮುಂದಕ್ಕೆ ಹೋಗು. (ಆಫೀಸಿನಲ್ಲೂ ಆ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ.) ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಎರಡು ದಿನ, ದಿನಕ್ಕೆ ಮೂರೇ ಲೆಕ್ಕ, ನಾಲ್ಕೂವರೆ ಗಂಟೆ. ಲೆಕ್ಕಕ್ಕೆ 7 ಅಂಕ. ಅರ್ಧ ದಾರಿ ಹೋದವರಿಗೂ ಒಂದಿಷ್ಟು ಸಿಗುತ್ತೆ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಸ್ಪರ್ಧೆಯ ಆರನೇ ಲೆಕ್ಕಕ್ಕೆ ಹದಿಮೂರರ ಹುಡುಗ ಟೆರೆನ್ಸ್ ಟಾವೊಗೆ ಬಂದದ್ದು 7ಕ್ಕೆ 1. ಆದರೂ ಚಿನ್ನ ಗೆದ್ದ. 2006ರಲ್ಲಿ ಫೀಲ್ಡ್ಸ್ ಪದಕವೂ ಬಂತು.

ಈಗ 1ರಿಂದ 11ರವರೆಗೆ ಬರೆದುಕೊಂಡು ಆಡಿ. ಇಲ್ಲಿ ಸೊನ್ನೆ ತರಬಹುದು. ಹೇಗೆ ಅಂತ ನಾನಂತೂ ಹೇಳಲ್ಲ.