ಕಣ್ಣಿನ ಉರಿಯೂತಕ್ಕೆ ವಿಟಮಿನ್ ಡಿ ಮದ್ದೇ?

ಪ್ರಶ್ನೆ: ನನಗೆ ಯುವಿಯೈಟಿಸ್ ಪದೇ ಪದೇ ಮರುಕಳಿಸುತ್ತಿದೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬಂದಿದೆ. ಮಾತ್ರೆ ತೆಗೆದುಕೊಂಡರೆ ಕಣ್ಣು ವಾಸಿಯಾದೀತೇ?

ಉತ್ತರ: ಎರಡಕ್ಕೂ ನಂಟಿದೆ. ಆದರೆ ಮಾತ್ರೆಯೊಂದನ್ನೇ ನಂಬಿ ಕೂರಬೇಡಿ.

ಯುವಿಯೈಟಿಸ್ ಎಂದರೆ ಕಣ್ಣಿನ ನಡುಪದರದ ಉರಿಯೂತ. ಸೋಂಕಿನಿಂದ ಬರಬಹುದು, ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೆಯೇ ತಿರುಗಿಬಿದ್ದಾಗಲೂ ಬರಬಹುದು. ವಿಟಮಿನ್ ಡಿ ಉರಿಯೂತ ಕೆರಳಿಸುವ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ತಗ್ಗಿಸಿ, ಅವನ್ನು ಹತೋಟಿಯಲ್ಲಿಡುವ ಕೋಶಗಳಿಗೆ ಬಲ ಕೊಡುತ್ತದೆ. ಸೋಂಕಿಲ್ಲದ ಯುವಿಯೈಟಿಸ್ ಇರುವವರಲ್ಲಿ ಈ ವಿಟಮಿನ್ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಆದರೆ ಬೆಳಕು ನೋಡಲಾಗದೆ ಮನೆಯೊಳಗೇ ಉಳಿಯುವವರಿಗೆ ಬಿಸಿಲೂ ಕಡಿಮೆ ಸಿಗುತ್ತದೆ. ಹಾಗಾಗಿ ಕೊರತೆಯೇ ರೋಗಕ್ಕೆ ಕಾರಣ ಎನ್ನಲಾಗದು.

ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ವೈಟಲ್ ಪ್ರಯೋಗದಲ್ಲಿ, ದಿನಕ್ಕೆ 2,000 ಐಯು (ಅಂತರರಾಷ್ಟ್ರೀಯ ಘಟಕ) ವಿಟಮಿನ್ ಡಿ ಪಡೆದವರಲ್ಲಿ, ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಸ್ವಯಂನಿರೋಧಕ ಕಾಯಿಲೆಗಳು ಸುಮಾರು ಶೇ. 22ರಷ್ಟು ಕಡಿಮೆ ಕಂಡುಬಂದವು. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಕಾಯಿಲೆ ಬಾರದಂತೆ ತಡೆಯುವ ಕುರಿತದ್ದು, ಬಂದ ಯುವಿಯೈಟಿಸ್ ಗುಣಪಡಿಸುವ ಕುರಿತದ್ದಲ್ಲ.

ಒಂದು ಎಚ್ಚರಿಕೆ. ಸಾರ್ಕಾಯ್ಡೋಸಿಸ್‌ ಎಂಬ, ಅಂಗಗಳಲ್ಲಿ ಉರಿಯೂತದ ಗಂಟುಗಳು ಮೂಡುವ ಕಾಯಿಲೆಯಿಂದಲೂ ಯುವಿಯೈಟಿಸ್ ಬರುತ್ತದೆ. ಆ ಗಂಟುಗಳೇ ವಿಟಮಿನ್ ಡಿಯನ್ನು ಅತಿಯಾಗಿ ಸಕ್ರಿಯಗೊಳಿಸುವುದರಿಂದ, ಮಾತ್ರೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಆದ್ದರಿಂದ ಮೊದಲು ನಿಮ್ಮ ಯುವಿಯೈಟಿಸ್‌ನ ಕಾರಣ ಪತ್ತೆಯಾಗಲಿ. ಕೊರತೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ನೀಗಿಸಿಕೊಳ್ಳಿ. ಉರಿಯೂತಕ್ಕೆ ವೈದ್ಯರು ಸ್ಟೀರಾಯ್ಡ್ ಹನಿಗಳನ್ನು ಕೊಟ್ಟಿದ್ದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ಚುಚ್ಚಿದರೆ ಅಂದೇ ನೇತ್ರವೈದ್ಯರನ್ನು ಕಾಣಿ.